ನೆಟ್ಟಗೆ ಓಡುವ ಗಾಡಿ

ಅಕ್ಕನ ಹತ್ತಿರ ತಾಳ್ಮೆ ಉಳಿದಿರಲಿಲ್ಲ. ಮೊದಲ ವರ್ಷ ಇತ್ತು. ಅದನ್ನು ಮೂರು ಜನ ಸೇರಿ ಖಾಲಿ ಮಾಡಿದ್ದರು.

ಮೂವರಲ್ಲಿ ಒಬ್ಬ ಅವಳ ಸ್ವಂತ ತಮ್ಮ. ಶಾಲೆಯ ರೋಬೋ ತಂಡಕ್ಕೆ ಪ್ರೋಗ್ರಾಂ ಬರೆಯುವವನು ಅವನೇ. ಮನೆಯಲ್ಲಿ ಕರೆದ ಹಾಗೆ ಶಾಲೆಯಲ್ಲೂ ‘ಅಕ್ಕ’ ಎಂದೇ ಕರೆಯುತ್ತಿದ್ದುದರಿಂದ ಅವಳು ತಂಡಕ್ಕೆಲ್ಲ ಅಕ್ಕನಾಗಿಬಿಟ್ಟಿದ್ದಳು. ಎರಡನೆಯವನು ಚಕ್ರ, ಮೋಟಾರು, ನಟ್ಟು, ಬೋಲ್ಟುಗಳ ಉಸ್ತುವಾರಿಯವನು. ಗಣಿತದ ತರಗತಿಗೂ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಹೋಗುತ್ತಿದ್ದುದರಿಂದ ಅವನ ಹೆಸರೇ ಸ್ಪ್ಯಾನರ್ ಎಂದಾಗಿತ್ತು. ಮೂರನೆಯವಳು ರಿಮೋಟ್ ಹಿಡಿದು ತಂಡದ ರೋಬೋ ಗಾಡಿಯನ್ನು ಓಡಿಸುವ ಡ್ರೈವರ್. ಅಕ್ಕನಿಗೆ ಅದು ಶಾಲೆಯ ಕೊನೆಯ ವರ್ಷ. ಸ್ಪ್ಯಾನರ್, ಡ್ರೈವರ್ ಇಬ್ಬರೂ ಅವಳಿಗಿಂತ ಒಂದು ತರಗತಿ ಹಿಂದೆ. ತಮ್ಮ ಅವರಿಗಿಂತಲೂ ಹಿಂದೆ.

ಅಕ್ಕನ ಪಾಲಿನ ಕೆಲಸ ಪರೀಕ್ಷೆ ಮಾಡುವುದು. ಉಳಿದವರು ‘ಆಯ್ತು’ ಎಂದದ್ದು ನಿಜಕ್ಕೂ ಆಗಿದೆಯೋ ಇಲ್ಲವೋ ಎಂದು ನೋಡುವುದು. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗಾಡಿ ಓಡಿದರೆ ಪ್ರೋಗ್ರಾಂ ಬರೆದವನು ಜಾಣ, ಓಡದಿದ್ದರೆ ಓಡಲಿಲ್ಲ ಎಂದು ಬಾಯಿಬಿಟ್ಟವಳು ಶನಿ.

ಕೆಲಸ ನಡೆಯುತ್ತಿದ್ದುದು ಶಾಲೆಯ ಹಿಂಬದಿಯ ಒಂದು ಕೋಣೆಯಲ್ಲಿ. ಹಿಂದೆ ಅಲ್ಲಿ ಪ್ರಯೋಗಾಲಯದ ಸಾಮಾನು ತೊಳೆಯುತ್ತಿದ್ದರು. ನಲ್ಲಿ ಕಿತ್ತ ತೂತುಗಳಿಗೆ ಮರದ ಬೆಣೆ ಹೊಡೆದಿದ್ದರು. ಇದ್ದ ಒಂದು ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು. ಈ ಕೋಣೆ ಸಿಗುವ ಮೊದಲು ತಂಡ ಕೂರುತ್ತಿದ್ದುದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ. ಗಂಟೆ ಹೊಡೆದಾಗಲೆಲ್ಲ ಇಡೀ ಶಾಲೆ ಅವರ ತಲೆಯ ಮೇಲೆ ಧಡಧಡ ಇಳಿಯುತ್ತಿತ್ತು. ಬಿಚ್ಚಿಟ್ಟ ಚಕ್ರವನ್ನು ಯಾರೋ ಒದ್ದುಕೊಂಡು ಹೋಗುತ್ತಿದ್ದರು, ಅದನ್ನು ಹುಡುಕುವುದರಲ್ಲೇ ಸಂಜೆ ಮುಗಿಯುತ್ತಿತ್ತು. ಅಕ್ಕ ಒಂದು ಇಡೀ ವರ್ಷ ಹೆಡ್ ಮೇಡಂ ಕೋಣೆಯ ಹೊಸ್ತಿಲು ಸವೆಸಿ ಈ ಕೋಣೆ ಗಿಟ್ಟಿಸಿದ್ದಳು. ಮನೆಯಲ್ಲಿ ತನ್ನದು ಎನ್ನಲು ಅವಳಿಗೆ ಒಂದು ಮೇಜೂ ಇರಲಿಲ್ಲ. ಇಲ್ಲಿ ಬೀಗದ ಕೈ ಅವಳ ಬಳಿ ಇರುತ್ತಿತ್ತು.

ಹೆಡ್ ಮೇಡಂ ಕೋಣೆಯನ್ನು ಕೊಟ್ಟಿದ್ದರೇ ಹೊರತು ಕೈಬಿಟ್ಟಿರಲಿಲ್ಲ. ಈ ವರ್ಷದ ಮೊದಲಲ್ಲೇ ಅವಳನ್ನು ಕರೆಸಿ ಹೇಳಿದ್ದರು: “ನೋಡಮ್ಮಾ, ಈ ಸಲ ಎರಡನೇ ಸುತ್ತಿಗಾದ್ರೂ ಹೋಗಿ. ಹೋದ್ರೆ ಕೋಣೆ ಖಾಯಂ ನಿಮ್ದೇ. ಇಲ್ಲಾಂದ್ರೆ ಬೀಗದ ಕೈ ತಂದು ಈ ಮೇಜಿನ ಮೇಲಿಡು. ಮುರಿದ ಬೆಂಚುಗಳೆಲ್ಲ ಹೊರಗೆ ಬಿದ್ದು ಹಾಳಾಗ್ತಿವೆ.”

“ಹೋಗ್ತೀವಿ ಮೇಡಂ” ಎಂದಿದ್ದಳು ಅಕ್ಕ.

ಮುಂದಿನ ವರ್ಷ ಅವಳು ಈ ಶಾಲೆಯಲ್ಲೇ ಇರುವುದಿಲ್ಲ. ಕೋಣೆ ಉಳಿದರೂ ಅವಳಿಗೆ ಸಿಗುವುದು ಏನೂ ಇಲ್ಲ. ಆದರೂ ಉಳಿಸಲೇಬೇಕು ಎಂಬ ಹಟ ಅವಳಿಗೆ. ತಾನು ಸವೆಸಿದ ಹೊಸ್ತಿಲನ್ನು ತಮ್ಮ ಮತ್ತೆ ಮೊದಲಿಂದ ಸವೆಸುವುದು, ಮತ್ತೆ ಮೆಟ್ಟಿಲ ಕೆಳಗೆ ಕೂತು ಒದೆಸಿಕೊಳ್ಳುವುದು, ಇದನ್ನು ನೆನೆದರೇ ಅವಳಿಗೆ ಮೈ ಉರಿಯುತ್ತಿತ್ತು.

ಕೋಣೆಯ ಗೋಡೆಯ ಮೇಲೆ ಅವಳು ಸೀಮೆಸುಣ್ಣದಲ್ಲಿ ಬರೆದಿದ್ದಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದವರು ಎಲ್ಲರಿಗೂ ಹೇಳಬೇಕು. ಹೇಳಿದ ಮೇಲೆ ಮೂರು ಸಲ ಓಡಿಸಿ ನೋಡಬೇಕು, ಅದೇ ಗೆರೆಯ ಮೇಲೆ. ಅದರ ಕೆಳಗೆ ಯಾರೋ ಸೇರಿಸಿದ್ದರು: ಉಸಿರಾಡುವ ಮೊದಲು ಅಕ್ಕನ ಅಪ್ಪಣೆ ಪಡೆಯಬೇಕು. ಅದು ಡ್ರೈವರಳ ಕೈಬರಹ ಎಂದು ಅಕ್ಕನಿಗೆ ಗೊತ್ತಿತ್ತು. ಅಳಿಸಲು ಹೋಗಲಿಲ್ಲ. ಮೇಲಿನ ಮೂರನ್ನು ಪಾಲಿಸಿದರೆ ನಾಲ್ಕನೆಯದನ್ನು ಬೇಕಾದರೆ ಬಿಟ್ಟುಕೊಡುತ್ತೇನೆ ಎಂದಿದ್ದಳು.

ಗೆರೆ ಎಂದರೆ ನೆಲದ ಮೇಲಿನ ಗೆರೆ. ಬಾಗಿಲಿಂದ ಎದುರಿನ ಗೋಡೆಯವರೆಗೆ ದಾರ ಕಟ್ಟಿ ಎಳೆದದ್ದು. ಸ್ಪರ್ಧೆಯಲ್ಲಿ ಮೊದಲ ಅರ್ಧ ನಿಮಿಷ ಗಾಡಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಪ್ರೋಗ್ರಾಮಿನಲ್ಲಿ ಹೇಳಿದಂತೆ ತಾನೇ ನೆಟ್ಟಗೆ ಹೋಗಿ ಒಂದು ರಬ್ಬರಿನ ಘನವನ್ನು ಎದುರಿನ ಪೆಟ್ಟಿಗೆಗೆ ನೂಕಬೇಕು. ಆಮೇಲಿನ ಎರಡು ನಿಮಿಷ ಡ್ರೈವರಳದು. ರಿಮೋಟಿನಿಂದ ಗಾಡಿಯ ಕೈಯಾಡಿಸಿ ಉಳಿದ ಘನಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎರಡಕ್ಕೂ ಬೇರೆ ಬೇರೆ ಪ್ರೋಗ್ರಾಂ.

ತೊಂದರೆ ಇಷ್ಟೇ. ಗಾಡಿ ನೆಟ್ಟಗೆ ಹೋಗುತ್ತಿರಲಿಲ್ಲ. ಗೆರೆಯ ಮೇಲೆ ಬಿಟ್ಟರೆ ಅರ್ಧ ದಾರಿ ಹೋಗಿ ಎಡಕ್ಕೆ ವಾಲುತ್ತಿತ್ತು.

“ಚಕ್ರ ನೋಡೋ” ಎಂದಳು ಅಕ್ಕ.

“ಚಕ್ರ ಸರಿಯಾಗೇ ಇದೆ. ಪ್ರೋಗ್ರಾಂ ನೋಡೋಕೆ ಹೇಳಿ” ಎಂದ ಸ್ಪ್ಯಾನರ್.

“ಎರಡು ಕಡೆ ಮೋಟಾರಿಗೂ ಒಂದೇ ಸಂಖ್ಯೆ ಕೊಟ್ಟಿದೀನಿ. ಇದಕ್ಕಿಂತ ಸರಿ ಹೆಂಗಿರುತ್ತೆ? ಚಕ್ರ ನೋಡೋಕೆ ಹೇಳು” ಎಂದ ತಮ್ಮ.

ಡ್ರೈವರ್ ಕಿಟಕಿಯ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. “ನನ್ ಕೈಗೆ ಕೊಡಿ, ನೆಟ್ಟಗೆ ಹೋಗುತ್ತೆ” ಎಂದಳು.

“ಅರ್ಧ ನಿಮಿಷ ನಿನ್ನ ಕೈಗೆ ಕೊಡಲ್ಲ ಕಣೇ ಅವರು. ಅದೇ ತಾನೇ ರಾಮಾಯಣ?” ಎಂದಳು ಅಕ್ಕ.

“ಹಂಗಾದ್ರೆ ನನ್ನನ್ನ ಯಾಕೆ ಕೇಳ್ತೀರ?”

“ಯಾರು ಕೇಳಿದ್ರು ನಿನ್ನ?”

ಡ್ರೈವರ್ ನಕ್ಕಳು. ಅವಳನ್ನು ಬೈಯುವುದು ಗೋಡೆಗೆ ಬೈದ ಹಾಗೆ. ಗೋಡೆಯಾದರೂ ನಗುವುದಿಲ್ಲ.

ಮರುದಿನ ಗಾಡಿ ಗೆರೆಯ ಮೇಲೆ ನೆಟ್ಟಗೆ ಓಡಿತು. ಅಕ್ಕ ಹಿಗ್ಗಬೇಕಿತ್ತು. ಅವಳ ಹುಬ್ಬು ಗಂಟಿಕ್ಕಿತು.

“ಯಾರು ಏನು ಮಾಡಿದ್ರಿ?”

ಯಾರೂ ಏನೂ ಮಾಡಿರಲಿಲ್ಲ. ಸ್ಪ್ಯಾನರ್ ಗಾಡಿಯ ಧೂಳು ಒರೆಸಿದ್ದನಂತೆ. ತಮ್ಮ ಲ್ಯಾಪ್‌ಟಾಪನ್ನೇ ತೆರೆದಿರಲಿಲ್ಲವಂತೆ.

“ಧೂಳು ಒರೆಸಿದ್ರೆ ಗಾಡಿ ನೆಟ್ಟಗಾಗುತ್ತಾ? ಹಂಗಿದ್ರೆ ನಿಮ್ಮ ಮೂರು ಜನರನ್ನೂ ಒರೆಸಬೇಕು ನಾನು.”

“ಓಡ್ತಲ್ಲ ಅಕ್ಕ. ಓಡಿದ್ದಕ್ಕೂ ಬೈತೀರಲ್ಲ” ಎಂದ ಸ್ಪ್ಯಾನರ್.

“ಯಾಕೆ ಓಡ್ತು ಅಂತ ಗೊತ್ತಿಲ್ಲದೆ ಓಡಿದ್ದು ಓಡಿದ ಲೆಕ್ಕ ಅಲ್ಲ.”

“ಹಂಗಾದ್ರೆ ನಾವು ನಡೆಯೋದೂ ಲೆಕ್ಕಕ್ಕಿಲ್ಲ” ಎಂದಳು ಡ್ರೈವರ್.

ಎರಡು ದಿನ ಕಳೆದು ಗಾಡಿ ಬಲಕ್ಕೆ ಹೊರಟಿತು. ಅದರ ಮರುದಿನ ಮತ್ತೆ ಎಡಕ್ಕೆ. ಆಮೇಲೆ ಸ್ವಲ್ಪವೇ ಬಲಕ್ಕೆ. ಜ್ವರ ಬಂದವರ ಹಾಗೆ ಏರಿಳಿಯುತ್ತಿತ್ತು. ಪ್ರತಿ ಸಲವೂ ಅಕ್ಕ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಮೂವರೂ ಅಭ್ಯಾಸವಾದ ಕಳ್ಳರಂತೆ ಶಾಂತವಾಗಿರುತ್ತಿದ್ದರು.

ಮನೆಯಲ್ಲೂ ಇದೇ ಗೋಳು. ಎರಡು ಕೋಣೆಯ ಮನೆ. ಅಮ್ಮ ಹೊಲಿಗೆಯವಳು. ಮುಂದಿನ ಕೋಣೆಯನ್ನು ಬಟ್ಟೆ ಕತ್ತರಿಸುವ ಮೇಜು ನುಂಗಿತ್ತು. ಅಮ್ಮ ಆ ಮೇಜಿನ ಒಂದು ತುದಿಯನ್ನು ಸಂಜೆಯ ಹೊತ್ತು ಮಗನ ಲ್ಯಾಪ್‌ಟಾಪಿಗೆ ಬಿಟ್ಟುಕೊಡುತ್ತಿದ್ದಳು. ಅಕ್ಕ ಅಲ್ಲಿಗೆ ಹೋಗಿ ಬಗ್ಗಿ ನೋಡಿದಳು. ಪರದೆಯ ಮೇಲೆ ಪ್ರೋಗ್ರಾಮಿನ ಪ್ರತಿಗಳು ಸಾಲಾಗಿ ಕೂತಿದ್ದವು. ಒಂದರ ಹೆಸರು ‘ಕೊನೆಯದು’. ಇನ್ನೊಂದು ‘ಕೊನೆಯದು ಹೊಸದು’. ಮತ್ತೊಂದು ‘ಇದೇ ಕೊನೆಯದು’. ಕೆಳಗೆ ‘ಮುಟ್ಟಬೇಡಿ’.

“ಇದ್ರಲ್ಲಿ ಗಾಡಿಯಲ್ಲಿರೋದು ಯಾವ್ದೋ?”

“ಹೆಸರು ನೋಡಿದ್ರೆ ಗೊತ್ತಾಗಲ್ವಾ?”

“ಗೊತ್ತಾಗಲ್ಲ.”

“‘ಇದೇ ಕೊನೆಯದು’ ಅಲ್ಲ. ಅದರ ಹಿಂದಿನದು. ಅಂದ್ರೆ ಹೊಸದರಲ್ಲಿ ಹಳೇದು.”

ಅಕ್ಕ ಕಣ್ಣು ಮುಚ್ಚಿಕೊಂಡಳು. “ಪ್ರತಿ ಪ್ರತಿಗೂ ತಾರೀಖು ಹಾಕು, ಏನು ಬದಲಾಯಿಸಿದೆ ಅಂತ ಒಂದು ಸಾಲು ಬರಿ ಅಂತ ಎಷ್ಟು ಸಲ ಹೇಳ್ಲಿ? ಒಂದು ಸಾಲು. ಪ್ರಬಂಧ ಕೇಳ್ತಿಲ್ಲ ನಿನ್ನ.”

“ನನ್ ತಲೇಲಿ ಇರುತ್ತಲ್ಲ.”

“ನಿನ್ನ ತಲೇನ ಗಾಡಿಗೆ ಜೋಡಿಸೋಕೆ ಆಗಲ್ಲ ಕಣೋ. ಆಗಿದ್ರೆ ಯಾವತ್ತೋ ಬಿಚ್ಚಿ ಜೋಡಿಸ್ತಿದ್ದೆ.”

ಅಮ್ಮ ಯಂತ್ರ ನಿಲ್ಲಿಸಿ, ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದಳು. “ನಿಮ್ಮಿಬ್ಬರ ಕಿತ್ತಾಟ ಕೇಳೀ ಕೇಳೀ ಆ ಗಾಡಿ ಯಾವತ್ತಾದ್ರೂ ಮನೆ ಬಿಟ್ಟು ಓಡಿಹೋಗುತ್ತೆ ನೋಡಿ.”

“ಓಡಿಹೋದ್ರೂ ನೆಟ್ಟಗೆ ಹೋಗಲ್ಲ ಬಿಡಮ್ಮ” ಎಂದಳು ಅಕ್ಕ.

ಒಳಗಿನ ಕೋಣೆಯಿಂದ ಅಪ್ಪ ನಕ್ಕದ್ದು ಕೇಳಿಸಿತು. ಅಪ್ಪ ಮುದ್ರಣಾಲಯದಲ್ಲಿ ದುಡಿದು ಬಂದು ಸಂಜೆ ಒಂದು ಗಳಿಗೆ ಮಲಗುತ್ತಿದ್ದ. ಮಲಗಿದ್ದಾನೆ ಎಂದುಕೊಂಡಾಗಲೆಲ್ಲ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಇನ್ನೇನು ಸ್ಪರ್ಧೆ ಹತ್ತಿರ ಬಂತು ಎನ್ನುವಾಗ ಗಾಡಿ ಸರಿಹೋಯಿತು. ಸೋಮವಾರ ಮೂರು ಸಲ ನೆಟ್ಟಗೆ. ಮಂಗಳವಾರ ಮೂರು ಸಲ ನೆಟ್ಟಗೆ. ಘನ ಪೆಟ್ಟಿಗೆಗೆ ಹೋಗಿ ಬೀಳುವ ಠಪ್ಪೆಂಬ ಸದ್ದು ಕೇಳಿ ಅಕ್ಕನ ಹೊಟ್ಟೆ ತಣ್ಣಗಾಯಿತು. ಆದರೂ ಅವಳು ವಾರವಿಡೀ ಬಿಡಲಿಲ್ಲ. ಅದೇ ಗೆರೆ, ಅದೇ ದಿಕ್ಕು, ಬ್ಯಾಟರಿ ತುಂಬಿದಾಗ, ಬ್ಯಾಟರಿ ಇಳಿದಾಗ, ಕಿಟಕಿ ತೆರೆದಾಗ, ಮುಚ್ಚಿದಾಗ.

ಒಂದು ದಿನ ಡ್ರೈವರ್ ಹೇಳಿದಳು, “ಹೊರಗೆ ಪಡಸಾಲೆಯಲ್ಲೂ ಒಂದ್ಸಲ ಓಡಿಸೋಣ ಅಕ್ಕ. ಇಲ್ಲಿ ತಿರುಗೋಕೂ ಜಾಗ ಇಲ್ಲ.”

“ಬೇಡ. ಅಲ್ಲಿ ಓಡಿಸಿ ಎಡವಟ್ಟಾದ್ರೆ ತಪ್ಪು ಗಾಡೀದೋ ಜಾಗದ್ದೋ ಅಂತ ಹೆಂಗೆ ಗೊತ್ತಾಗುತ್ತೆ? ಒಂದೇ ಜಾಗದಲ್ಲಿ ಮಾಡಿದ್ರೇನೇ ಹೋಲಿಸೋಕಾಗೋದು.”

“ಸ್ಪರ್ಧೆ ಈ ಕೋಣೆಯಲ್ಲಿ ನಡೆಯಲ್ಲವಲ್ಲ.”

“ನೆಲ ನೆಲಾನೇ ಕಣೇ. ಆಕಾಶದಲ್ಲಿ ನಡೆಯುತ್ತಾ?”

ಸ್ಪ್ಯಾನರ್ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಕಡೆ ನೋಡಿದಳು. ಅವನು ಬಾಯಿ ಮುಚ್ಚಿಕೊಂಡ. ಇಡೀ ವರ್ಷದಲ್ಲಿ ಅವರು ಅವಳ ಮಾತಿಗೆ ತಲೆಬಾಗಿದ್ದು ಅದೊಂದೇ ಸಲ.

ಸ್ಪರ್ಧೆ ಬೇರೊಂದು ಶಾಲೆಯ ಒಳಾಂಗಣದಲ್ಲಿ. ಹೊಳೆಯುವ ಮರದ ನೆಲ, ಸುತ್ತ ಮೊಣಕಾಲೆತ್ತರದ ಹಲಗೆಯ ಬೇಲಿ. ಮಕ್ಕಳ ಗಲಾಟೆ, ಮೈಕಿನ ಕಿರುಚಾಟ, ಬ್ಯಾಟರಿ ಚಾರ್ಜರುಗಳಿಗೆ ಜಗಳ. ಜೊತೆಗೆ ಬಂದಿದ್ದ ವಿಜ್ಞಾನದ ಮೇಷ್ಟ್ರು ಗೋಡೆಯ ಪಕ್ಕದ ಕುರ್ಚಿ ಹಿಡಿದು ಪತ್ರಿಕೆ ಬಿಚ್ಚಿದರು. “ಗೆಲ್ಲೋದು ಸೋಲೋದು ಮುಖ್ಯ ಅಲ್ಲ ಮಕ್ಕಳೇ” ಎಂದರು. ಕೋಣೆಯ ಬೀಗದ ಕೈ ಅವರ ಬಳಿ ಇದ್ದಿದ್ದರೆ ಈ ಮಾತು ಬರುತ್ತಿರಲಿಲ್ಲ ಎಂದುಕೊಂಡಳು ಅಕ್ಕ.

ಮೊದಲ ಸುತ್ತಿಗೆ ಮುಂಚೆ ಪ್ರತಿ ತಂಡಕ್ಕೂ ಬೇಲಿಯೊಳಗೆ ಎರಡು ಸರದಿ ಅಭ್ಯಾಸ. ಒಂದೊಂದು ಸರದಿಯೂ ಮೂರ್ನಾಲ್ಕು ನಿಮಿಷ. ಮೊದಲ ಸರದಿಯಲ್ಲಿ ಗಾಡಿಯನ್ನು ಇಟ್ಟು, ಗುಂಡಿ ಒತ್ತಿ, ನಾಲ್ವರೂ ಹಿಂದೆ ಸರಿದರು. ಗಾಡಿ ಹೊರಟಿತು. ಅರ್ಧ ದಾರಿಯಲ್ಲಿ ಬಲಕ್ಕೆ ತಿರುಗಿತು. ಘನವನ್ನು ಪೆಟ್ಟಿಗೆಯ ಹತ್ತಿರವೂ ಒಯ್ಯದೆ ಬೇಲಿಗೆ ಡಿಕ್ಕಿ ಹೊಡೆದು, ಅಲ್ಲೇ ಚಕ್ರ ಉಜ್ಜುತ್ತಾ ನಿಂತಿತು.

ಇನ್ನೊಮ್ಮೆ ಬಿಟ್ಟರು. ಮತ್ತೆ ಅದೇ ಬೇಲಿ.

ಅಕ್ಕ ಗಾಡಿಯನ್ನು ಎತ್ತಿಕೊಂಡು ಹೊರಗೆ ಬಂದು ಮೇಜಿನ ಮೇಲಿಟ್ಟಳು. ಮೊದಲ ಸರದಿ ಹಾಗೇ ಮುಗಿದುಹೋಯಿತು. ಅವಳು ದನಿ ಎತ್ತಲಿಲ್ಲ. ಅವಳು ದನಿ ಎತ್ತದಿದ್ದದ್ದಕ್ಕೇ ಉಳಿದವರು ಹೆದರಿದರು.

“ಈಗ ಹೇಳಿ. ಯಾರು ಏನು ಮಾಡಿದೀರಿ. ಬೈಯಲ್ಲ. ಹೇಳಿ ಅಷ್ಟೇ.”

ತಮ್ಮ ಮೊದಲು ಬಾಯಿಬಿಟ್ಟ. “ಎಡಕ್ಕೆ ಹೋಗ್ತಿತ್ತಲ್ಲ. ಎಡಗಡೆ ಮೋಟಾರಿಗೆ ಒಂಚೂರು ಜಾಸ್ತಿ ಕೊಟ್ಟೆ. ಮೊದಲರ್ಧ ನಿಮಿಷದ ಪ್ರೋಗ್ರಾಮಲ್ಲಿ ಮಾತ್ರ.”

“ಯಾವಾಗ?”

“ಅವತ್ತೇ. ಆಮೇಲೆ ಬಲಕ್ಕೆ ಹೋಯ್ತಲ್ಲ, ಕಮ್ಮಿ ಮಾಡ್ದೆ. ಆಮೇಲೆ ಮತ್ತೆ ಸ್ವಲ್ಪ ಜಾಸ್ತಿ.”

ಸ್ಪ್ಯಾನರ್ ಅವನ ಕಡೆ ಕಣ್ಣು ಬಿಟ್ಟು ನೋಡಿದ. “ಲೋ, ನೀನು ಮಾಡಿದ್ಯಾ? ಮುಂದಿನ ಚಕ್ರದ ಹಿಂದೆ ಒಂದು ತೆಳು ವಾಷರ್ ಹಾಕಿದ್ದು ನಾನು. ಚಕ್ರ ಬಲಕ್ಕೆ ತಿರುಗ್ಲಿ ಅಂತ. ಬಲಕ್ಕೆ ಜಾಸ್ತಿ ಹೋಯ್ತು, ಅದಕ್ಕಿಂತ ತೆಳುವಾದ್ದು ಹಾಕ್ದೆ.”

“ನೀನು ಹಾಕಿದ್ದಕ್ಕೆ ತಾನೇ ನಾನು ಕಮ್ಮಿ ಮಾಡಿದ್ದು!”

“ನೀನು ಜಾಸ್ತಿ ಮಾಡಿದ್ದಕ್ಕೆ ತಾನೇ ನಾನು ತೆಳು ಹಾಕಿದ್ದು!”

ಎರಡು ತಿಂಗಳು ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ, ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಬಿಚ್ಚುತ್ತಾ ಒಂದೇ ರಿಪೇರಿ ಮಾಡಿದ್ದರು. ಅಕ್ಕ ಡ್ರೈವರಳ ಕಡೆ ತಿರುಗಿದಳು.

“ನಾನೇನೂ ಮುಟ್ಟಿಲ್ಲಪ್ಪ” ಎಂದಳು ಡ್ರೈವರ್. “ನನ್ನ ಎರಡು ನಿಮಿಷದಲ್ಲಿ ಅದು ಎಡಕ್ಕೇ ಎಳೆಯುತ್ತೆ. ಹೆಬ್ಬೆರಳಲ್ಲಿ ಬಲಕ್ಕೆ ಒತ್ಕೊಂಡೇ ಓಡಿಸ್ತೀನಿ. ಅದರ ಸ್ವಭಾವ ಅಂದ್ಕೊಂಡಿದ್ದೆ.”

“ಇಷ್ಟು ದಿನ ಒಂದು ಮಾತು ಹೇಳಲಿಲ್ಲವಲ್ಲೇ.”

“ಹೇಳಿದ್ರೆ ಒಂದು ಬದಲಾವಣೆ, ಮೂರು ಪರೀಕ್ಷೆ ಅಂತ ಶುರು ಮಾಡ್ತಿದ್ರಿ. ಕೈಯಲ್ಲಿ ಆಗೋದಕ್ಕೆ ಬಾಯಿ ಯಾಕೆ?”

ಅಕ್ಕ ಹಣೆ ಹಿಡಿದುಕೊಂಡಳು. ಲೆಕ್ಕ ಇನ್ನೂ ಕೂಡುತ್ತಿರಲಿಲ್ಲ. “ಸರಿ. ಮೂರು ಜನಾನೂ ಬಲಕ್ಕೆ ತಳ್ತಿದ್ರಿ. ನಮ್ ಕೋಣೇಲಿ ನೆಟ್ಟಗೆ ಹೋಗ್ತಿತ್ತು. ಅಂದ್ರೆ ಅಲ್ಲಿ ಯಾವುದೋ ಎಡಕ್ಕೆ ಎಳೀತಿತ್ತು. ಅದು ಇಲ್ಲಿ ಯಾಕೆ ಎಳೀತಿಲ್ಲ?”

ಸ್ಪ್ಯಾನರ್ ಬೂಟಿನ ತುದಿಯಿಂದ ನೆಲ ಕೆರೆದ. “ಅಕ್ಕ, ನಮ್ ಕೋಣೆ ನೆಲ ತೊಳೆದ್ರೆ ನೀರು ಎಲ್ಲಿಗೆ ಹೋಗುತ್ತೆ?”

“ಎಡಗಡೆ ಮೂಲೆಗೆ.”

“ತಾನೇ ಹೋಗುತ್ತೆ. ತಳ್ಳೋದೇ ಬೇಡ. ಸಾಮಾನು ತೊಳೆಯೋ ಜಾಗ ಅಲ್ವಾ, ನೀರು ಹರಿಯೋಕೆ ಇಳಿಜಾರು ಕೊಟ್ಟಿದಾರೆ.”

ಮೈಕಿನಲ್ಲಿ ಯಾರದೋ ಶಾಲೆಯ ಹೆಸರು ಕೂಗಿದರು.

“ಇದು ನಿನಗೆ ಯಾವಾಗ ಗೊತ್ತಾಯ್ತು?” ಎಂದಳು ಅಕ್ಕ.

“ನೆಲ ಒರೆಸುವಾಗಲೆಲ್ಲ ಗೊತ್ತಿತ್ತು. ಗಾಡಿಗೂ ಅದಕ್ಕೂ ಗಂಟು ಹಾಕಿ ನೋಡಿರಲಿಲ್ಲ. ಪಡಸಾಲೆ ಮಾತು ಬಂದಾಗ ಹೇಳೋಣ ಅಂದ್ಕೊಂಡೆ. ನೀವು ನೋಡಿದ್ರಿ.”

ಗಾಡಿಗೆ ರೋಗವೇ ಇರಲಿಲ್ಲ. ಮೊದಲ ದಿನದಿಂದಲೂ ಅದು ನೆಟ್ಟಗೇ ಓಡುತ್ತಿತ್ತು, ಓರೆಯಾಗಿದ್ದದ್ದು ನೆಲ. ಆರೋಗ್ಯವಾಗಿದ್ದ ಗಾಡಿಗೆ ಮೂರು ಜನ ಮೂರು ಕಡೆಯಿಂದ ಔಷಧಿ ಕುಡಿಸಿದ್ದರು. ಕುಡಿಸಿದ್ದು ಹಿಡಿಯಿತೇ ಎಂದು ನೋಡಲು ದಿನವೂ ಅದನ್ನು ಅದೇ ಇಳಿಜಾರಿನಲ್ಲಿ ನಿಲ್ಲಿಸಿದವಳು ತಾನು. ಅಕ್ಕನಿಗೆ ಅವರ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲಿ ತಿರುಗಿ ತನ್ನ ಮೇಲೇ ಬಂತು. ಅದನ್ನು ಅಲ್ಲೇ ನಿಲ್ಲಿಸಿ ಕೆಲಸಕ್ಕೆ ಕೈ ಹಾಕಿದಳು. ಇನ್ನೊಂದು ಸರದಿ ಬಾಕಿಯಿತ್ತು.

“ವಾಷರ್ ತೆಗಿ. ನೀನು ಎರಡು ಕಡೆಗೂ ಒಂದೇ ಸಂಖ್ಯೆ ಹಾಕು. ‘ಮುಟ್ಟಬೇಡಿ’ಯಲ್ಲಿ ಅಲ್ಲ, ಗಾಡಿಯಲ್ಲಿರೋದರಲ್ಲಿ. ಹಾಕಿ ನನಗೆ ತೋರಿಸು.”

“ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ನೀನೇ…” ಎಂದ ತಮ್ಮ.

“ಬಾಯಿ ಮುಚ್ಕೊಂಡು ಹಾಕು.”

“ನಾನು?” ಎಂದಳು ಡ್ರೈವರ್.

“ನೀನು ಒತ್ತಬೇಡ.”

“ಅಷ್ಟೇನಾ?”

“ಅಷ್ಟೇ. ನಿನ್ನ ಕೆಲಸ ಎಲ್ಲರಿಗಿಂತ ಸುಲಭ.”

ಡ್ರೈವರ್ ತನ್ನ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, “ಕೇಳಿಸ್ತಾ? ಒತ್ತಬಾರದಂತೆ” ಎಂದಳು. ಸ್ಪ್ಯಾನರ್ ನಕ್ಕ. ಅಕ್ಕನೂ ನಕ್ಕುಬಿಟ್ಟಳು, ಬೇಡವೆಂದರೂ.

ಎರಡನೆಯ ಸರದಿ ಬಂತು. ಗಾಡಿಯನ್ನು ಇಟ್ಟು ಗುಂಡಿ ಒತ್ತಿದರು. ನೆಟ್ಟಗೆ ಹೋಗಿ ಘನವನ್ನು ಪೆಟ್ಟಿಗೆಗೆ ನೂಕಿತು.

“ಸಾಕು ಅಕ್ಕ, ಇವಳ ಕೈಗೆ ಕೊಡು” ಎಂದ ತಮ್ಮ.

“ಒಂದು ಸಲ ಆಗಿದ್ದು ಆಕಸ್ಮಿಕ. ಇನ್ನೊಂದು ಸಲ.”

ಇನ್ನೊಂದು ಸಲವೂ ಹೋಯಿತು.

“ಅಕ್ಕ, ಒಂದು ನಿಮಿಷ ಓಡಿಸಿ ನೋಡ್ತೀನಿ. ಕೈ ಹೊಂದ್ಕೊಳ್ಳಬೇಕು” ಎಂದಳು ಡ್ರೈವರ್. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

“ಮೂರನೇದು ಆಗಿಬಿಡ್ಲಿ. ನಾಲ್ಕು ಬೋಲ್ಟು ಬಿಚ್ಚಿ ಹಾಕಿದಾನೆ ಇವನು, ಇವನೋ ಪ್ರೋಗ್ರಾಂ ಬದಲಾಯಿಸಿದಾನೆ. ಇವೆರಡನ್ನೂ ನಂಬೋಕಾಗಲ್ಲ. ನಿನ್ನನ್ನ ನಂಬ್ತೀನಿ.”

ಮೂರನೆಯದೂ ನೆಟ್ಟಗೆ ಹೋಯಿತು. ಅಷ್ಟರಲ್ಲಿ ಸರದಿ ಮುಗಿದು, ಮುಂದಿನ ತಂಡದವರು ತಮ್ಮ ಗಾಡಿ ಹಿಡಿದು ಬೇಲಿಯ ಬಳಿ ಬಂದು ನಿಂತರು. ಡ್ರೈವರ್ ರಿಮೋಟನ್ನು ತಿರುಗಿಸಿ ನೋಡುತ್ತಾ ಹೊರಬಂದಳು.

ಮೊದಲ ಸುತ್ತಿನಲ್ಲಿ ಗಾಡಿ ಅರ್ಧ ನಿಮಿಷವನ್ನು ದಾರ ಹಿಡಿದು ಎಳೆದಂತೆ ಮುಗಿಸಿತು. ಘನ ಪೆಟ್ಟಿಗೆಯೊಳಗೆ ಬಿತ್ತು. ಅಂಕದ ಹಲಗೆಯ ಮೇಲೆ ಅವರ ಶಾಲೆ ಮೇಲಿನ ಸಾಲಿಗೆ ಏರಿತು. ಮೇಷ್ಟ್ರು ಪತ್ರಿಕೆಯ ಮೇಲಿಂದ ಇಣುಕಿದರು.

ಡ್ರೈವರಳ ಎರಡು ನಿಮಿಷ ಶುರುವಾಯಿತು. ಮೊದಲ ಘನದ ಕಡೆ ಗಾಡಿ ಹೊರಟಿತು, ಬಲಕ್ಕೆ ಸರಿಯಿತು. ಅವಳು ನಿಲ್ಲಿಸಿ, ಹಿಂದಕ್ಕೆ ತೆಗೆದು, ಮತ್ತೆ ಹೋದಳು. ಮತ್ತೆ ಬಲಕ್ಕೆ.

“ಒತ್ತಬೇಡ ಕಣೇ” ಎಂದಳು ಅಕ್ಕ ಮೆಲ್ಲಗೆ.

“ಒತ್ತುತ್ತಿಲ್ಲ.”

ಅಕ್ಕ ಅವಳ ಕೈ ನೋಡಿದಳು. ಹೆಬ್ಬೆರಳು ಬಲಕ್ಕೆ ಬಾಗಿತ್ತು. ಡ್ರೈವರ್ ಸುಳ್ಳು ಹೇಳುತ್ತಿರಲಿಲ್ಲ, ಬೆರಳು ಒತ್ತುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಎರಡು ತಿಂಗಳು ದಿನವೂ ಆ ಇಳಿಜಾರಿನ ಮೇಲೆ ಕಲಿತದ್ದು ಅದು. ವಾಷರನ್ನು ಸ್ಪ್ಯಾನರಿನಿಂದ ಬಿಚ್ಚಬಹುದಿತ್ತು, ಸಂಖ್ಯೆಯನ್ನು ಅಳಿಸಿ ಬರೆಯಬಹುದಿತ್ತು. ಇದಕ್ಕೆ ಹಳೆಯ ಪ್ರತಿ ಎಂಬುದು ಯಾರ ಬಳಿಯೂ ಇರಲಿಲ್ಲ.

“ಹೆಬ್ಬೆರಳು ನೋಡು” ಎಂದಳು ಅಕ್ಕ.

ಅದೇ ತಪ್ಪಾಯಿತು. ಡ್ರೈವರ್ ಬೆರಳು ನೋಡಿದಳು, ಗಾಡಿಯ ಮೇಲಿನ ಕಣ್ಣು ತಪ್ಪಿತು. ಬೆರಳಿನ ಮೇಲೆ ಕಣ್ಣಿಟ್ಟು ಓಡಿಸುವುದು, ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡುತ್ತಾ ಮೆಟ್ಟಿಲಿಳಿದಂತೆ. ಗಾಡಿ ತಡವರಿಸಿತು. ಕಷ್ಟಪಟ್ಟು ಎರಡು ಘನ ಪೇರಿಸಿದಳು. ಮೂರನೆಯದನ್ನು ಎತ್ತಿ ತರುವಾಗ ಸಮಯ ಮುಗಿಯುತ್ತಾ ಬಂದಿತ್ತು. ಅವಸರಕ್ಕೆ ಅವಳು ಬೆರಳನ್ನು ಮರೆತಳು. ಗಾಡಿ ಬಲಕ್ಕೆ ತೂರಿಕೊಂಡು ಹೋಗಿ ತಾನೇ ಪೇರಿಸಿದ್ದನ್ನು ಕೆಡವಿತು.

ಗಂಟೆ ಬಾರಿಸಿದರು.

ಎರಡನೆಯ ಸುತ್ತಿಗೆ ಹೋದ ಕೊನೆಯ ತಂಡಕ್ಕೂ ಇವರಿಗೂ ಹನ್ನೊಂದು ಅಂಕಗಳ ಅಂತರ. ಕೆಡವಿದ ಎರಡು ಘನಗಳಿಗೆ ಹದಿನಾಲ್ಕು ಬರುತ್ತಿತ್ತು ಎಂದು ತಮ್ಮ ಲೆಕ್ಕ ಹಾಕಿದ. ಜೋರಾಗಿಯೇ ಹಾಕಿದ. ಸ್ಪ್ಯಾನರ್ ಅವನ ಕಾಲು ತುಳಿದ.

ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಗಾಡಿಯ ಪೆಟ್ಟಿಗೆ ಸ್ಪ್ಯಾನರನ ತೊಡೆಯ ಮೇಲಿತ್ತು. ಡ್ರೈವರ್ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಅಕ್ಕ ಅವಳ ಪಕ್ಕದಲ್ಲಿದ್ದಳು. ಬೈಯಲು ಬಾಯಿ ತುಂಬ ಮಾತಿತ್ತು, ಯಾರಿಗೆ ಬೈಯಬೇಕೆಂಬುದೇ ಬಗೆಹರಿಯಲಿಲ್ಲ. ಹೇಳದೆ ಬದಲಾಯಿಸಿದ ಇಬ್ಬರಿಗೆ ಬೈಯಬಹುದಿತ್ತು. ಅವರದ್ದು ಇಂದು ಸರಿಯಾಗೇ ನಡೆದಿತ್ತು. ಡ್ರೈವರಳಿಗೆ ಬೈಯಬಹುದಿತ್ತು. ಅವಳು ಒಂದು ನಿಮಿಷ ಕೇಳಿದ್ದಳು.

“ನಾನು ಕೊಡಬೇಕಿತ್ತು” ಎಂದಳು ಅಕ್ಕ.

“ಏನು?”

“ಆ ನಿಮಿಷ.”

“ಹೂಂ” ಎಂದಳು ಡ್ರೈವರ್. ಸ್ವಲ್ಪ ದೂರ ಹೋದ ಮೇಲೆ, “ಎಲ್ಲ ಪರೀಕ್ಷೆ ಮಾಡಿದ್ರಿ ಅಕ್ಕ. ಬ್ಯಾಟರಿ, ಕಿಟಕಿ, ಗಾಳಿ. ನನ್ನನ್ನ ಮಾಡಲಿಲ್ಲ. ಮಾಡಿದ್ರೆ ನಾನೂ ಹೇಳ್ತಿದ್ದೆನೋ ಏನೋ” ಎಂದಳು.

“ನಾನು ಕೇಳಿದಾಗಲೆಲ್ಲ ನಗ್ತಿದ್ದೆಯಲ್ಲೇ ನೀನು.”

“ನೀವು ಕೇಳ್ತಿದ್ದದ್ದು ಹಂಗಿತ್ತು.”

ಅಕ್ಕನಿಗೆ ಮತ್ತೆ ಪಿತ್ತ ಕೆರಳಿತು. ಬಾಯಿ ತೆರೆಯುವಷ್ಟರಲ್ಲಿ ಡ್ರೈವರ್ ಇಳಿಯುವ ನಿಲ್ದಾಣ ಬಂತು.

ಸೋಮವಾರ ಅಕ್ಕ ಬೀಗದ ಕೈಯನ್ನು ಹೆಡ್ ಮೇಡಂ ಮೇಜಿನ ಮೇಲಿಟ್ಟಳು. ಇಳಿಜಾರಿನ ವಿಷಯವನ್ನೂ ಹೇಳಿದಳು. ಹೆಡ್ ಮೇಡಂ ಪೂರ್ತಿ ಕೇಳಿಸಿಕೊಂಡರು. “ಹಂಗಾದ್ರೆ ಆ ಕೋಣೆ ನಿಮಗೆ ಹೇಗೂ ಪ್ರಯೋಜನಕ್ಕಿಲ್ಲ ಅಂತಾಯ್ತಲ್ಲಮ್ಮ. ಬೆಂಚಿಗಾದ್ರೆ ಇಳಿಜಾರು ಏನೂ ಮಾಡಲ್ಲ” ಎಂದರು. ಒಂದು ವರ್ಷ ಅಂಗಲಾಚಿ ಪಡೆದ ಕೋಣೆಯನ್ನು ಕೈಬಿಡಲು ಬೇಕಾದ ಕಾರಣವನ್ನು ತಾನೇ ಹುಡುಕಿ ತಂದುಕೊಟ್ಟಿದ್ದಳು.

ಮಧ್ಯಾಹ್ನ ಸಾಮಾನನ್ನು ಮೆಟ್ಟಿಲ ಕೆಳಗೆ ಸಾಗಿಸಿದರು. ತಮ್ಮ ಎರಡು ಸುತ್ತು ಹೊತ್ತ, ಸ್ಪ್ಯಾನರ್ ಉಳಿದದ್ದನ್ನೆಲ್ಲ ಹೊತ್ತ. ಡ್ರೈವರ್ ರಿಮೋಟನ್ನು ಒಂದು ಬಟ್ಟೆಯಲ್ಲಿ ಸುತ್ತಿ ತಂದು ಅಕ್ಕನ ಕೈಗೆ ಕೊಟ್ಟಳು.

“ಮುಂದಿನ ವರ್ಷ ನಾನು ಬರಲ್ಲ ಅಕ್ಕ. ಥ್ರೋಬಾಲಿಗೆ ಸೇರ್ತೀನಿ.”

“ಕೋಪ ಮಾಡ್ಕೊಂಡ್ಯಾ?”

“ಇಲ್ಲಪ್ಪ. ರಿಮೋಟ್ ಹಿಡಿದ್ರೆ ಈಗ ಬೆರಳ ಕಡೆ ನೋಡಬೇಕು ಅನ್ಸುತ್ತೆ. ಮೊದಲು ಗಾಡಿ ಕಡೆ ನೋಡ್ತಿದ್ದೆ.”

ಅಷ್ಟು ಹೇಳಿ ತರಗತಿಗೆ ಹೋದಳು. ಅಕ್ಕ ಕರೆಯಲಿಲ್ಲ. ಕರೆದರೂ ಹೇಳಲು ಒಂದು ನಿಯಮ ಬಿಟ್ಟು ಬೇರೇನೂ ಅವಳ ಬಳಿ ಇರಲಿಲ್ಲ.

ಆ ವರ್ಷ ಹೋದದ್ದು ಇಷ್ಟು: ಹನ್ನೊಂದು ಅಂಕ, ಒಂದು ಕೋಣೆ, ಒಬ್ಬ ಡ್ರೈವರ್.